ಕೆಮ್ಮಲು ಬಾರದ ಜೀವ: ಸಾಕಿದ ಹಾವಿನ ಬಿಡದ ಉಸಿರಾಟದ ತೊಂದರೆ

ಜನವರಿಯ ಒಂದು ರಾತ್ರಿ. ಮನೆ ಪೂರ್ತಿ ಸುಮ್ಮನಾದ ಮೇಲೆ ಮಗಳ ಕೋಣೆಯಿಂದ ಒಂದು ಸದ್ದು ಕೇಳಿಸಿತು. ಟಕ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಕ್. ಹಾಲು ಕಾಯುವಾಗ ಪಾತ್ರೆಯ ಅಂಚಿನಲ್ಲಿ ಸಣ್ಣ ಗುಳ್ಳೆ ಒಡೆಯುತ್ತದಲ್ಲ, ಅಷ್ಟೇ ಸದ್ದು. ಹೋಗಿ ನೋಡಿದರೆ ನಮ್ಮ ಬೆಲ್ಲ ಗಾಜಿಗೆ ಕತ್ತು ಒರಗಿಸಿ, ತಲೆ ಮೇಲೆತ್ತಿ ಕೂತಿದ್ದಳು. ಬಾಯಿ ಒಂದೆಳೆ ನೂಲಿನಷ್ಟು ತೆರೆದಿತ್ತು. ಮೂಗಿನ ಹೊಳ್ಳೆಯಲ್ಲಿ ಒಂದು ಗುಳ್ಳೆ ಉಬ್ಬಿತು, ಒಡೆಯಿತು, ಮತ್ತೆ ಉಬ್ಬಿತು.

ಬೆಲ್ಲ ನಮ್ಮ ಮನೆಯ ಬಾಲ್ ಪೈಥಾನ್. ಮೈಬಣ್ಣ ನೋಡಿ ಮಗಳು ಇಟ್ಟ ಹೆಸರು. ಪಶ್ಚಿಮ ಆಫ್ರಿಕಾದ ಘಾನಾ, ಟೋಗೊ, ಬೆನಿನ್ ಕಡೆಯ ಸಣ್ಣ ಹೆಬ್ಬಾವಿನ ಜಾತಿ ಇದು. ಹೆದರಿದರೆ ತಲೆಯನ್ನು ಒಳಗಿಟ್ಟು ಚೆಂಡಿನ ಹಾಗೆ ಸುತ್ತಿಕೊಳ್ಳುತ್ತದೆ, ಅದಕ್ಕೇ ಆ ಹೆಸರು. ವಿಷ ಇಲ್ಲ, ಸ್ವಭಾವ ಸಾಧು. ನಾವಿರುವ ಮಿಶಿಗನ್‌ನಲ್ಲಿ, ಅಮೆರಿಕದ ಮಿಕ್ಕ ಕಡೆಗಳಲ್ಲೂ, ನಾಯಿ ಬೆಕ್ಕಿನ ಹಾಗೆ ಇದನ್ನು ಸಾಕುವವರು ಬಹಳ ಜನ ಇದ್ದಾರೆ.

ಆ ರಾತ್ರಿಯಿಂದ ಮುಂದಿನ ಎಂಟು ತಿಂಗಳಲ್ಲಿ ಬೆಲ್ಲಳಿಗೆ ಮೂರು ಸಲ ಆಂಟಿಬಯಾಟಿಕ್ ಕೊಡಿಸಿದೆವು. ಮೂರು ಸಲವೂ ವಾಸಿಯಾಯಿತು ಅಂದುಕೊಂಡೆವು. ಮೂರು ಸಲವೂ ಸದ್ದು ವಾಪಸ್ ಬಂತು. ಹಾವಿನ ಉಸಿರಾಟದ ತೊಂದರೆ ಅನ್ನುವುದು ಒಂದು ಕಾಯಿಲೆಯ ಹೆಸರೇ ಅಲ್ಲ ಅಂತ ನನಗೆ ಅರ್ಥವಾದದ್ದು ಆಮೇಲೆ. ಮನುಷ್ಯರಿಗೆ ಜ್ವರ ಇದ್ದ ಹಾಗೆ ಅದೊಂದು ಲಕ್ಷಣ. ಹಿಂದೆ ಏನಿದೆ ಅಂತ ಹುಡುಕದೆ ಔಷಧಿ ಮಾತ್ರ ಕೊಡುತ್ತಾ ಹೋದರೆ ಅದು ಹೋಗಿ ಹೋಗಿ ಬರುತ್ತಲೇ ಇರುತ್ತದೆ. ನಾವು ಕಳೆದುಕೊಂಡ ಆ ಎಂಟು ತಿಂಗಳು ಇನ್ನೊಬ್ಬರ ಹಾವಿಗೆ ಉಳಿಯಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಒಳಗೆ ಗಾಳಿ ಹೋಗುವ ದಾರಿ

ಹಾವಿನ ಬಾಯಿ ತೆರೆಸಿ ನೋಡಿದರೆ, ಕೆಳದವಡೆಯ ಮೇಲೆ, ನಾಲಿಗೆ ಹೊರಗೆ ಬರುವ ಜಾಗದ ಹತ್ತಿರವೇ ಒಂದು ಸಣ್ಣ ಸೀಳು ಕಾಣುತ್ತದೆ. ಅದೇ ಶ್ವಾಸನಾಳದ ಬಾಯಿ. ಉಸಿರಾಡುವಾಗ ತೆರೆಯುತ್ತದೆ, ಮಿಕ್ಕ ಹೊತ್ತು ಮುಚ್ಚಿಕೊಂಡಿರುತ್ತದೆ. ತನ್ನ ತಲೆಗಿಂತ ದಪ್ಪ ಇಲಿಯನ್ನು ನುಂಗುವಾಗ ಬಾಯಿ ಪೂರ್ತಿ ತುಂಬಿರುತ್ತದೆ ಅಲ್ವಾ? ಆಗ ಹಾವು ಈ ನಾಳದ ತುದಿಯನ್ನು ಮುಂದಕ್ಕೆ ಚಾಚಿ, ಬಾಯಿಯ ಪಕ್ಕದಿಂದ ಉಸಿರಾಡುತ್ತದೆ. ಮೊದಲ ಸಲ ನೋಡಿದಾಗ ನನಗೆ ಗಾಬರಿಯಾಗಿತ್ತು. ಅದು ಕಾಯಿಲೆಯಲ್ಲ, ಹಾವಿಗೆ ಸಹಜ.

ಬಹಳಷ್ಟು ಹಾವುಗಳಲ್ಲಿ ಕೆಲಸ ಮಾಡುವುದು ಬಲಗಡೆಯ ಶ್ವಾಸಕೋಶ ಒಂದೇ. ಎಡಗಡೆಯದು ಹೆಸರಿಗೆ ಮಾತ್ರ ಇರುತ್ತದೆ, ಕೆಲವಕ್ಕೆ ಅದೂ ಇಲ್ಲ. ಹೆಬ್ಬಾವು ಮತ್ತು ಅದರ ಹಾಗೆಯೇ ಬೇಟೆಯನ್ನು ಹಿಸುಕಿ ಕೊಲ್ಲುವ ಬೋವಾ ಹಾವುಗಳಿಗೆ ಎರಡೂ ಇರುತ್ತವೆ, ಆದರೆ ಎಡಗಡೆಯದು ಚಿಕ್ಕದು. ಈ ಶ್ವಾಸಕೋಶ ಮೈಯುದ್ದಕ್ಕೂ ಚಾಚಿಕೊಂಡ ಉದ್ದನೆಯ ಚೀಲ. ಮುಂದಿನ ಭಾಗದ ಗೋಡೆ ಜೇನುಗೂಡಿನ ಹಾಗಿದ್ದು, ರಕ್ತನಾಳಗಳಿಂದ ತುಂಬಿರುತ್ತದೆ. ಆಮ್ಲಜನಕ ರಕ್ತಕ್ಕೆ ಸೇರುವುದು ಅಲ್ಲೇ. ಹಿಂದಿನ ಭಾಗ ತೆಳ್ಳಗೆ ಬಲೂನಿನ ಹಾಗೆ, ಬರೀ ಗಾಳಿ ತುಂಬುವ ಚೀಲ.

ಈ ಚೀಲವನ್ನು ಊದಿಸಿ ಒತ್ತುವುದು ಪಕ್ಕೆಲುಬುಗಳು. ಅಮೆರಿಕದ ಬ್ರೌನ್ ಯೂನಿವರ್ಸಿಟಿಯ ತಂಡ 2022ರಲ್ಲಿ ಇದನ್ನು ಚೆನ್ನಾಗಿ ತೋರಿಸಿಕೊಟ್ಟಿತು. ಡಾಕ್ಟರು ಬಿಪಿ ನೋಡುವಾಗ ತೋಳಿಗೆ ಸುತ್ತುವ ಪಟ್ಟಿಯನ್ನೇ ಅವರು ಬೋವಾ ಹಾವಿನ ಮೈಗೆ ಸುತ್ತಿ ಬಿಗಿ ಮಾಡಿದರು. ಬಿಗಿದ ಜಾಗದ ಪಕ್ಕೆಲುಬು ಅಲ್ಲಾಡದಿದ್ದಾಗ ಹಾವು ಬೇರೆ ಜಾಗದ ಪಕ್ಕೆಲುಬುಗಳಿಂದ ಉಸಿರಾಡಿತು. ಬೇಟೆಯನ್ನು ಸುತ್ತಿ ಹಿಸುಕುತ್ತಿರುವಾಗಲೂ ಅದಕ್ಕೆ ಉಸಿರು ಕಟ್ಟದಿರುವುದು ಇದೇ ಕಾರಣಕ್ಕೆ. ಹಿಂದಿನ ಬಲೂನಿನಂಥ ಭಾಗ ಆಗ ಕಮ್ಮಾರನ ತಿದಿಯ ಹಾಗೆ ಗಾಳಿಯನ್ನು ಎಳೆದು ತರುತ್ತದೆ.

ಇಷ್ಟೆಲ್ಲ ಅನುಕೂಲ ಇರುವ ಜೀವಕ್ಕೆ ಒಂದು ದೊಡ್ಡ ಕೊರತೆ ಇದೆ. ನಮಗೆ ಎದೆ ಮತ್ತು ಹೊಟ್ಟೆಯ ನಡುವೆ ಸ್ನಾಯುವಿನ ಒಂದು ಪರದೆ ಇದೆ, ವಪೆ ಅನ್ನುತ್ತಾರೆ. ಕಫ ಕಟ್ಟಿದರೆ ಆ ಪರದೆಯೂ ಹೊಟ್ಟೆಯ ಸ್ನಾಯುಗಳೂ ಸೇರಿ ಜೋರಾಗಿ ಒದ್ದು ಹೊರಗೆ ಹಾಕುತ್ತವೆ. ಅದೇ ಕೆಮ್ಮು. ಹಾವಿಗೆ ವಪೆ ಇಲ್ಲ. ಕೆಮ್ಮಲು ಬರುವುದಿಲ್ಲ. ಕೋಲಿನಂಥ ಮೈಯಲ್ಲಿ, ಉದ್ದನೆಯ ಚೀಲದ ತಳದಲ್ಲಿ ಲೋಳೆ ಸೇರಿಕೊಂಡರೆ ಅದು ಸುಲಭಕ್ಕೆ ಮೇಲೆ ಬರುವುದಿಲ್ಲ. ಬೆಲ್ಲ ತಲೆ ಮೇಲೆತ್ತಿ ಗಾಜಿಗೆ ಒರಗಿದ್ದು ಯಾಕೆ ಅಂತ ಈಗ ಗೊತ್ತು. ಲೋಳೆ ಕೆಳಗೆ ಇಳಿಯಲಿ, ಗಾಳಿಗೆ ದಾರಿ ಸಿಗಲಿ ಅಂತ ಅವಳಿಗೆ ಗೊತ್ತಿದ್ದ ಉಪಾಯ ಅದೊಂದೇ.

ಕೀವಿನ ವಿಷಯವೂ ಹೀಗೆಯೇ. ನಮ್ಮ ಕೀವು ನೀರಾಗಿ ಹರಿಯುತ್ತದೆ. ಹಾವು, ಹಲ್ಲಿ, ಆಮೆಗಳ ಕೀವು ಗಿಣ್ಣಿನ ಹಾಗೆ ಗಟ್ಟಿಯಾಗಿ ಕೂರುತ್ತದೆ. ಕೀವನ್ನು ಕರಗಿಸಿ ನೀರಾಗಿಸುವ ಕಿಣ್ವಗಳು ಅವುಗಳ ಬಿಳಿ ರಕ್ತಕಣಗಳಲ್ಲಿ ಕಡಿಮೆ. ಗಿಣ್ಣಿನಂಥ ಆ ಗಡ್ಡೆಯೊಳಗೆ ಔಷಧಿ ಇಳಿಯುವುದು ಕಷ್ಟ. ಸದ್ದು ನಿಂತರೂ ಒಳಗೆ ಒಂದು ತುಣುಕು ಉಳಿದಿರಬಹುದು.

ಹಾಗಾಗಿ ಒಂದು ಮಾತು ನೆನಪಿರಲಿ: ನಮಗೆ ಸದ್ದು ಕೇಳುವ ಹೊತ್ತಿಗೆ ಕಾಯಿಲೆ ಬಹಳ ದಿನದ್ದಾಗಿರುತ್ತದೆ. ಕಾಡಿನಲ್ಲಿ ನಿತ್ರಾಣವಾದ ಪ್ರಾಣಿ ಬೇರೆಯವಕ್ಕೆ ಊಟವಾಗುತ್ತದೆ. ಅದಕ್ಕೇ ಹಾವು ತನ್ನ ನೋವನ್ನು ಕೊನೆಯವರೆಗೂ ಬಚ್ಚಿಡುತ್ತದೆ.

ಎಲ್ಲ ಸದ್ದೂ ಕಾಯಿಲೆಯದ್ದಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. ಪೊರೆ ಬಿಡುವ ದಿನಗಳಲ್ಲಿ ಮೂಗಿನ ಹೊಳ್ಳೆಯಲ್ಲಿ ಪೊರೆಯ ಚೂರು ಸಿಕ್ಕಿಕೊಂಡು ಸಣ್ಣಗೆ ಶಿಳ್ಳೆ ಬರುವುದುಂಟು. ಪೊರೆ ಪೂರ್ತಿ ಬಿಟ್ಟ ಮೇಲೆ ಅದು ನಿಲ್ಲಬೇಕು. ನಿಲ್ಲಲಿಲ್ಲ ಅಂದರೆ, ಬಾಯಿ ತೆರೆದು ಉಸಿರಾಡಿದರೆ, ಲೋಳೆ ದಾರದ ಹಾಗೆ ಎಳೆದುಕೊಂಡರೆ, ಕಾಯಬೇಡಿ.

ಬಿಸಿ ಸರಿಯಿಲ್ಲದಿದ್ದರೆ ಔಷಧಿಯೂ ಇಲ್ಲ

ಹಾವು ತನ್ನ ಮೈಯ ಬಿಸಿಯನ್ನು ತಾನೇ ಹುಟ್ಟಿಸಿಕೊಳ್ಳುವುದಿಲ್ಲ, ಹೊರಗಿನಿಂದ ತೆಗೆದುಕೊಳ್ಳುತ್ತದೆ. ಇದು ಶಾಲೆಯಲ್ಲೇ ಓದಿದ ವಿಷಯ. ಅದರ ಅರ್ಥ ನನಗಾದದ್ದು ಮಾತ್ರ ಬೆಲ್ಲ ಹುಷಾರು ತಪ್ಪಿದಾಗ. ರೋಗದ ಜೊತೆ ಹೋರಾಡುವ ಶಕ್ತಿ ಕೂಡ ಅವಳಿಗೆ ಹೊರಗಿನ ಬಿಸಿಯಿಂದಲೇ ಬರಬೇಕು. ಮೈ ತಣ್ಣಗಿದ್ದರೆ ಬಿಳಿ ರಕ್ತಕಣಗಳು ನಿಧಾನ, ಜೀರ್ಣ ನಿಧಾನ, ಚುಚ್ಚಿದ ಔಷಧಿ ಮೈಯಲ್ಲಿ ಹರಡುವುದೂ ನಿಧಾನ. ಬ್ಯಾಕ್ಟೀರಿಯಾ ಮಾತ್ರ ತನ್ನ ಪಾಡಿಗೆ ಬೆಳೆಯುತ್ತಿರುತ್ತದೆ.

ಬಾಲ್ ಪೈಥಾನ್‌ಗೆ ಟ್ಯಾಂಕಿನ ಒಂದು ತುದಿಯಲ್ಲಿ 31ರಿಂದ 33 ಡಿಗ್ರಿ ಸೆಲ್ಸಿಯಸ್, ಇನ್ನೊಂದು ತುದಿಯಲ್ಲಿ 25–26 ಡಿಗ್ರಿ ಇರಬೇಕು. ಎರಡರ ನಡುವೆ ತನಗೆ ಬೇಕಾದ ಜಾಗವನ್ನು ಅದೇ ಹುಡುಕಿಕೊಳ್ಳುತ್ತದೆ. ನಮ್ಮ ಥರ್ಮೋಸ್ಟಾಟ್ ಪರದೆಯ ಮೇಲೆ 32 ಅಂತಲೇ ತೋರಿಸುತ್ತಿತ್ತು. ಆದರೆ ಅದರ ಸೆನ್ಸರ್ ಜಾರಿ ಹೀಟ್ ಮ್ಯಾಟ್‌ಗೆ ಅಂಟಿಕೊಂಡಿತ್ತು. ಮ್ಯಾಟ್ ಸ್ವಲ್ಪ ಬಿಸಿಯಾದ ಕೂಡಲೇ ಸೆನ್ಸರ್ ಸಾಕು ಅನ್ನುತ್ತಿತ್ತು, ಕರೆಂಟ್ ನಿಲ್ಲುತ್ತಿತ್ತು. ಬೆಲ್ಲ ಮಲಗುವ ಜಾಗಕ್ಕೆ ಟೆಂಪರೇಚರ್ ಗನ್ ಹಿಡಿದು ನೋಡಿದಾಗ 26. ಹೊರಗೆ ಹಿಮ. ಎಷ್ಟು ವಾರದಿಂದ ಹೀಗಿತ್ತೋ, ನೆನೆದರೆ ಈಗಲೂ ಹೊಟ್ಟೆ ಕಿವುಚುತ್ತದೆ. ದಯವಿಟ್ಟು ಥರ್ಮೋಸ್ಟಾಟ್ ತೋರಿಸುವ ಅಂಕಿಯನ್ನು ನಂಬಿ ಸುಮ್ಮನಿರಬೇಡಿ. ಹಾವು ನಿಜವಾಗಿ ಮಲಗುವ ಜಾಗವನ್ನೇ ಬೇರೊಂದು ಥರ್ಮಾಮೀಟರ್‌ನಲ್ಲಿ ನೋಡಿ.

ಗಾಳಿಯ ತೇವವೂ ಅಷ್ಟೇ ಮುಖ್ಯ. ಚಳಿ ದೇಶದ ಮನೆಗಳಲ್ಲಿ ಹೀಟರ್ ಓಡುತ್ತಿದ್ದರೆ ಗಾಳಿ ಹಪ್ಪಳದ ಹಾಗೆ ಒಣಗಿರುತ್ತದೆ. ಒಣ ಗಾಳಿಯಲ್ಲಿ ಶ್ವಾಸನಾಳದ ಒಳಪದರ ಒಣಗಿ ಬಿರಿಯುತ್ತದೆ, ಅಲ್ಲಿ ಸೋಂಕು ಹಿಡಿಯುತ್ತದೆ. ಬಾಲ್ ಪೈಥಾನ್‌ಗೆ ಶೇಕಡಾ 60ರ ಆಸುಪಾಸು, ಪೊರೆ ಬಿಡುವಾಗ 70ರ ಹತ್ತಿರ ಇದ್ದರೆ ಒಳ್ಳೆಯದು. ಹಾಗಂತ ನೀರು ಚಿಮುಕಿಸಿ ಚಿಮುಕಿಸಿ ತಳವನ್ನೆಲ್ಲ ಕೊಚ್ಚೆ ಮಾಡಿ ಮುಚ್ಚಳ ಹಾಕಿಬಿಟ್ಟರೆ ಬೂಸ್ಟು ಬೆಳೆಯುತ್ತದೆ. ಅದು ಇನ್ನೊಂದು ಕಾಯಿಲೆಗೆ ದಾರಿ. ಗಾಳಿ ತೇವವಾಗಿರಲಿ, ತಳ ಒದ್ದೆಯಾಗಿರುವುದು ಬೇಡ. ದೇವದಾರು, ಪೈನ್ ಮರದ ಹೊಟ್ಟು ಹಾಸುವುದೂ ಬೇಡ. ಅದರ ಘಾಟಿಗೆ ಶ್ವಾಸಕೋಶ ಉರಿಯುತ್ತದೆ.

ಹುಷಾರಿಲ್ಲದಾಗ ಬಿಸಿಯನ್ನು ಆ ಜಾತಿಗೆ ಒಗ್ಗುವ ಮೇಲಿನ ಮಟ್ಟದಲ್ಲೇ ಇಡಬೇಕು, ರಾತ್ರಿಯೂ ಇಳಿಸಬಾರದು. ತಂಪಿನ ತುದಿ ಮಾತ್ರ ಇದ್ದೇ ಇರಲಿ. ಬೇಗ ವಾಸಿಯಾಗಲಿ ಅಂತ ಬಿಸಿ ಜಾಸ್ತಿ ಮಾಡಿದರೆ ಮೈ ಸುಡುತ್ತದೆ, ನೀರು ಆರಿಹೋಗುತ್ತದೆ.

ಹೋಗಿ ಹೋಗಿ ಯಾಕೆ ಬರುತ್ತದೆ

ಬಿಸಿ ಸರಿಮಾಡಿದೆವು. ಮನೆಯ ಹತ್ತಿರದ ಕ್ಲಿನಿಕ್‌ನಲ್ಲಿ ಆಂಟಿಬಯಾಟಿಕ್ ಕೊಟ್ಟರು. ಮೂರು ದಿನಕ್ಕೊಂದು ಇಂಜೆಕ್ಷನ್. ನಾಯಿಗಾದರೆ ದಿನಕ್ಕೆ ಎರಡು ಮೂರು ಸಲ ಕೊಡುವ ಔಷಧಿ ಹಾವಿಗೆ 72 ಗಂಟೆಗೊಮ್ಮೆ ಸಾಕಾಗುತ್ತದೆ, ಅದರ ಮೈಯಿಂದ ಔಷಧಿ ಅಷ್ಟು ನಿಧಾನವಾಗಿ ಹೊರಗೆ ಹೋಗುತ್ತದೆ. ಸೂಜಿಯನ್ನು ಮೈಯ ಮುಂದಿನ ಅರ್ಧಕ್ಕೇ ಚುಚ್ಚಲು ಹೇಳಿಕೊಟ್ಟರು. ಹಾವಿನ ಹಿಂಭಾಗದ ರಕ್ತ ಹೃದಯಕ್ಕೆ ಹೋಗುವ ದಾರಿಯಲ್ಲಿ ಮೂತ್ರಪಿಂಡವನ್ನು ಹಾಯ್ದು ಹೋಗಬಹುದು. ಅಲ್ಲಿ ಚುಚ್ಚಿದರೆ ಔಷಧಿ ಮೈಗೆ ಹತ್ತುವ ಮುಂಚೆಯೇ ಸೋರಿಹೋಗಬಹುದು, ಇಲ್ಲವೇ ಮೂತ್ರಪಿಂಡಕ್ಕೆ ಪೆಟ್ಟಾಗಬಹುದು ಅನ್ನುವ ಎಚ್ಚರಿಕೆ ಅದು.

ಎರಡು ವಾರದಲ್ಲಿ ಸದ್ದು ನಿಂತಿತು. ಆರು ವಾರಕ್ಕೆ ಮತ್ತೆ ಶುರುವಾಯಿತು. ಮತ್ತೆ ಅದೇ ಔಷಧಿ. ಮೂರನೆಯ ಸಲ ಬೇರೆ ಔಷಧಿ. ಯಾವ ಬ್ಯಾಕ್ಟೀರಿಯಾ ಅಂತ ಒಂದು ಸಲವೂ ಪರೀಕ್ಷೆ ಆಗಲಿಲ್ಲ. ನಮಗೂ ಕೇಳಬೇಕು ಅಂತ ಗೊತ್ತಿರಲಿಲ್ಲ.

ಹಾವಿನ ಶ್ವಾಸಕೋಶಕ್ಕೆ ಹತ್ತುವ ಬ್ಯಾಕ್ಟೀರಿಯಾಗಳಲ್ಲಿ ಸ್ಯೂಡೊಮೊನಾಸ್, ಕ್ಲೆಬ್ಸಿಯೆಲ್ಲಾ, ಏರೋಮೊನಾಸ್, ಪ್ರೋಟಿಯಸ್ ಹೆಚ್ಚು ಸಿಗುವವು. ಇವು ಹಾವಿನ ಬಾಯಲ್ಲೋ ನೀರಿನ ಬಟ್ಟಲಲ್ಲೋ ಮೊದಲೇ ಇರುತ್ತವೆ, ಮೈ ಸೋತಾಗ ಮೇಲೇಳುತ್ತವೆ. ಸ್ಯೂಡೊಮೊನಾಸ್ ಬಹಳ ಔಷಧಿಗಳಿಗೆ ಜಗ್ಗುವುದಿಲ್ಲ. ಹಾಗಾಗಿ ಕಲ್ಚರ್ ಪರೀಕ್ಷೆ ಬೇಕು. ಶ್ವಾಸನಾಳದೊಳಗೆ ಸಪೂರ ಕೊಳವೆ ಇಳಿಸಿ, ಸ್ವಲ್ಪ ಸಲೈನ್ ಬಿಟ್ಟು, ಅದನ್ನೇ ವಾಪಸ್ ಎಳೆದು ಲ್ಯಾಬಿಗೆ ಕಳಿಸುತ್ತಾರೆ. ಯಾವ ಬ್ಯಾಕ್ಟೀರಿಯಾ, ಅದಕ್ಕೆ ಯಾವ ಔಷಧಿ ನಾಟುತ್ತದೆ, ಎರಡೂ ಗೊತ್ತಾಗುತ್ತವೆ. ಬಾಯಿಯ ಲೋಳೆಯನ್ನು ಮಾತ್ರ ಹತ್ತಿಯಲ್ಲಿ ಒರೆಸಿ ಕಳಿಸಿದರೆ ಬಾಯಿಯಲ್ಲಿ ಯಾವಾಗಲೂ ಇರುವ ಬ್ಯಾಕ್ಟೀರಿಯಾವೇ ಬೆಳೆದು ದಾರಿ ತಪ್ಪಿಸಬಹುದು.

ಬ್ಯಾಕ್ಟೀರಿಯಾ ಬಿಟ್ಟರೆ ಬೇರೆ ಕಾರಣಗಳೂ ಇವೆ. ಬೂಸ್ಟಿನ ಜಾತಿಯ ಶಿಲೀಂಧ್ರ ಶ್ವಾಸಕೋಶದಲ್ಲಿ ಬೇರುಬಿಟ್ಟರೆ ಆಂಟಿಬಯಾಟಿಕ್ ಎಷ್ಟು ಕೊಟ್ಟರೂ ವ್ಯರ್ಥ. ಕಾಡಿನಿಂದ ಹಿಡಿದು ತಂದ ಹಾವುಗಳಲ್ಲಿ ಶ್ವಾಸಕೋಶದ ಹುಳ ಇರಬಹುದು. ಮೈಮೇಲೆ ಕರಿ ಸಾಸಿವೆಯ ಪುಡಿಯಂತೆ ಓಡಾಡುವ ಮೈಟ್ ಹುಳ ರಕ್ತ ಹೀರಿ ಹಾವನ್ನು ಸೋಲಿಸುತ್ತದೆ, ಒಂದು ಹಾವಿನ ಸೋಂಕನ್ನು ಇನ್ನೊಂದಕ್ಕೆ ದಾಟಿಸಲೂಬಹುದು. ಬಾಲ್ ಪೈಥಾನ್‌ಗಳಲ್ಲಿ ಶ್ವಾಸನಾಳದ ಮೃದು ಎಲುಬು ಗಂಟಾಗಿ ಬೆಳೆದು ದಾರಿಯನ್ನೇ ಕಟ್ಟಿದ ಪ್ರಕರಣಗಳೂ ಇವೆ. ಅಲ್ಲಿ ಸೋಂಕೇ ಇರುವುದಿಲ್ಲ. ಎಕ್ಸ್‌ರೇ, ಸಿಟಿ ಸ್ಕ್ಯಾನ್ ಅಥವಾ ನಾಳದೊಳಗೆ ಇಳಿಸುವ ಸಣ್ಣ ಕ್ಯಾಮೆರಾ ಇಲ್ಲದೆ ಅದು ಕಾಣುವುದೂ ಇಲ್ಲ.

ಎಲ್ಲ ಪಶುವೈದ್ಯರಿಗೂ ಹಾವು ನೋಡಿ ರೂಢಿ ಇರುವುದಿಲ್ಲ. ಸರೀಸೃಪ ಮತ್ತು ಕಪ್ಪೆ ಜಾತಿಗಳ ವೈದ್ಯರದ್ದೇ ಒಂದು ಸಂಘ ಇದೆ, ಎಆರ್‌ಎವಿ ಅಂತ. ಅದರ ವೆಬ್‌ಸೈಟಿನಲ್ಲಿ ಊರಿನ ಪ್ರಕಾರ ವೈದ್ಯರನ್ನು ಹುಡುಕಬಹುದು. ನಾವು ಎರಡು ಗಂಟೆ ಗಾಡಿ ಓಡಿಸಿಕೊಂಡು ಅಂಥ ಒಬ್ಬರ ಹತ್ತಿರ ಹೋದೆವು. ಅವರು ಬೆಲ್ಲಳ ಬಾಯಿ ತೆರೆಸಿ, ಟಾರ್ಚ್ ಬಿಟ್ಟು, ಒಂದು ನಿಮಿಷ ಮಾತಾಡದೆ ನೋಡಿದರು. ಒಸಡಿನ ಅಂಚು ಕುಂಕುಮ ಹಚ್ಚಿದ ಹಾಗೆ ಕೆಂಪಗಿತ್ತು. ನಾವು ಅದನ್ನು ಗಮನಿಸಿಯೇ ಇರಲಿಲ್ಲ. "ಕಲ್ಚರ್ ಮಾಡೋಣ, ಜೊತೆಗೆ ವೈರಸ್ ಪರೀಕ್ಷೆಯೂ ಆಗಲಿ" ಅಂದರು.

ನಿಡೋವೈರಸ್

ಹತ್ತು ದಿನಕ್ಕೆ ರಿಪೋರ್ಟ್ ಬಂತು. ಶ್ವಾಸಕೋಶದಲ್ಲಿ ಸ್ಯೂಡೊಮೊನಾಸ್ ಇತ್ತು. ನಿಡೋವೈರಸ್ ಅನ್ನುವ ವೈರಸ್ಸನ್ನು ಹುಡುಕುವ ಪಿಸಿಆರ್ ಪರೀಕ್ಷೆ ಕೂಡ ಪಾಸಿಟಿವ್.

ಹಾವುಗಳ ನಿಡೋವೈರಸ್ ಜಗತ್ತಿಗೆ ಗೊತ್ತಾದದ್ದು 2014ರಲ್ಲಿ. ಸಾಕಿದ ಹೆಬ್ಬಾವುಗಳು ನ್ಯುಮೋನಿಯಾದಿಂದ ಸಾಯುತ್ತಿದ್ದವು, ಕಾರಣ ಸಿಗುತ್ತಿರಲಿಲ್ಲ. ಅಮೆರಿಕ ಮತ್ತು ನೆದರ್ಲೆಂಡ್ಸ್‌ನ ಸಂಶೋಧಕರ ಬೇರೆ ಬೇರೆ ತಂಡಗಳು ಅದೇ ವರ್ಷ ಈ ವೈರಸ್ಸನ್ನು ಪತ್ತೆ ಮಾಡಿದವು. ನೆದರ್ಲೆಂಡ್ಸ್‌ನಲ್ಲಿ ಅದು ಸಿಕ್ಕಿದ್ದು ಭಾರತದ ಹೆಬ್ಬಾವಿನ ಜಾತಿಯ ಹಾವಿನಲ್ಲಿ. ಕೊರೋನಾವೈರಸ್ ಸೇರುವ ದೊಡ್ಡ ಗುಂಪಿಗೇ ಇದೂ ಸೇರುತ್ತದೆ, ದೂರದ ದಾಯಾದಿ ಅನ್ನಬಹುದು. ಈಗ ಸರ್ಪೆಂಟೋವೈರಸ್ ಅನ್ನುವ ಹೆಸರೂ ಬಳಕೆಯಲ್ಲಿದೆ. ಕೊಲೊರಾಡೊ ಸ್ಟೇಟ್ ಯೂನಿವರ್ಸಿಟಿಯ ಸಂಶೋಧಕರು 2018ರಲ್ಲಿ, ಈ ವೈರಸ್ಸೇ ಬಾಲ್ ಪೈಥಾನ್‌ಗಳಲ್ಲಿ ಉಸಿರಾಟದ ಕಾಯಿಲೆ ತರುತ್ತದೆ ಅಂತ ಪ್ರಯೋಗ ಮಾಡಿ ತೋರಿಸಿದರು. ಮರುವರ್ಷ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಅಮೆರಿಕದ 12 ಕಡೆ ಸಾಕಿದ್ದ 639 ಹಾವುಗಳನ್ನು ಪರೀಕ್ಷಿಸಿದಾಗ, ಹೆಚ್ಚುಕಡಿಮೆ ಕಾಲು ಭಾಗದಷ್ಟು ಹಾವುಗಳಲ್ಲಿ ವೈರಸ್ ಇತ್ತು. ಹೆಬ್ಬಾವಿನ ಜಾತಿಗಳಲ್ಲಿ ಇನ್ನೂ ಜಾಸ್ತಿ.

ಈ ವೈರಸ್ ಮೂಗು, ಬಾಯಿ, ಶ್ವಾಸನಾಳ, ಶ್ವಾಸಕೋಶದ ಒಳಪದರವನ್ನು ಕೆಡಿಸುತ್ತದೆ. ಕೆಟ್ಟ ಪದರದಿಂದ ಲೋಳೆ ಸುರಿಯುತ್ತದೆ. ಆ ಲೋಳೆಯಲ್ಲಿ ಬ್ಯಾಕ್ಟೀರಿಯಾ ಬಂದು ಕೂರುತ್ತದೆ. ಆಂಟಿಬಯಾಟಿಕ್ ಕೊಟ್ಟರೆ ಬ್ಯಾಕ್ಟೀರಿಯಾ ಸಾಯುತ್ತದೆ, ಹಾವು ಗೆಲುವಾಗುತ್ತದೆ. ವೈರಸ್ಸಿಗೆ ಆಂಟಿಬಯಾಟಿಕ್ ಏನೂ ಮಾಡುವುದಿಲ್ಲ. ಅದು ಪದರವನ್ನು ಮತ್ತೆ ಕೆಡಿಸುತ್ತದೆ, ಬ್ಯಾಕ್ಟೀರಿಯಾ ಮತ್ತೆ ಬರುತ್ತದೆ. ಸೂರು ಸೋರುವ ಮನೆಯಲ್ಲಿ ನೆಲ ಒರೆಸಿದ ಹಾಗೆ. ನಮ್ಮ ಎಂಟು ತಿಂಗಳು ಹೀಗೇ ಹೋಗಿತ್ತು.

ಈ ವೈರಸ್ಸನ್ನು ಓಡಿಸುವ ಔಷಧಿ ಇಲ್ಲ, ಲಸಿಕೆಯೂ ಇಲ್ಲ. ಸೋಂಕು ತಗಲಿದ ಹಾವು ತಿಂಗಳುಗಟ್ಟಲೆ, ವರ್ಷಗಟ್ಟಲೆ ವೈರಸ್ಸನ್ನು ಹೊತ್ತಿರಬಹುದು. ಕೆಲವು ಬೇಗ ಸಾಯುತ್ತವೆ. ಕೆಲವು ಯಾವ ಲಕ್ಷಣವೂ ಇಲ್ಲದೆ ಚೆನ್ನಾಗಿಯೇ ಓಡಾಡಿಕೊಂಡಿರುತ್ತವೆ, ಅಂಥವುಗಳಿಂದಲೂ ವೈರಸ್ ಹರಡಬಹುದು. ಲೋಳೆ, ಹಿಕ್ಕೆ, ನೀರಿನ ಬಟ್ಟಲು, ಹಾವು ಎತ್ತುವ ಕೊಕ್ಕೆ, ನಮ್ಮ ಕೈ, ಇವೆಲ್ಲ ದಾರಿಗಳು. ಹೊಸ ಹಾವು ತಂದಾಗ ಕನಿಷ್ಠ ಮೂರು ತಿಂಗಳು ಬೇರೆ ಕೋಣೆಯಲ್ಲಿಟ್ಟು, ಒಂದಕ್ಕಿಂತ ಹೆಚ್ಚು ಸಲ ಪಿಸಿಆರ್ ಮಾಡಿಸಿ ಅನ್ನುವುದು ಇದಕ್ಕೇ. ಒಂದು ನೆಗೆಟಿವ್ ಬಂದರೆ ಪೂರ್ತಿ ನಂಬುವ ಹಾಗಿಲ್ಲ.

ಹಾವಿಗೆ ಉಸಿರಾಟದ ತೊಂದರೆ ತರುವ ವೈರಸ್ ಇದೊಂದೇ ಅಲ್ಲ. 1972ರಲ್ಲಿ ಸ್ವಿಟ್ಜರ್ಲೆಂಡ್‌ನ ಒಂದು ಹಾವಿನ ಫಾರ್ಮ್‌ನಲ್ಲಿ ವಿಷದ ಹಾವುಗಳು ಸಾಲಾಗಿ ಸತ್ತಾಗ ಸಿಕ್ಕಿದ ಫೆರ್ಲಾವೈರಸ್ ಇನ್ನೊಂದು. ಹೆಬ್ಬಾವು ಸಾಕಿದವರು ಮೊದಲು ಕೇಳಬೇಕಾದದ್ದು ಮಾತ್ರ ನಿಡೋವೈರಸ್ ಪರೀಕ್ಷೆ.

ಕಾಯಿಲೆಯ ಜೊತೆ ದಿನ ಕಳೆಯುವುದು

ರಿಪೋರ್ಟ್ ಬಂದ ದಿನ ಮಗಳು ಅತ್ತಳು. ನನಗೆ ಆಶ್ಚರ್ಯವಾಗುವಷ್ಟು ನಾನೂ ಅತ್ತೆ. ಮಾರನೆಯ ದಿನ ವೈದ್ಯರು ಫೋನಿನಲ್ಲಿ ಒಂದು ಒಳ್ಳೆಯ ಮಾತು ಹೇಳಿದರು. ವಾಸಿ ಮಾಡುವುದು ಈಗ ನಮ್ಮ ಗುರಿಯಲ್ಲ, ಅವಳಿಗೆ ಉಸಿರು ಸುಲಭವಾಗಿರುವ ದಿನಗಳನ್ನು ಹೆಚ್ಚು ಮಾಡುವುದು ಗುರಿ. ಆ ಮಾತಿನಿಂದ ನಮ್ಮ ಮನಸ್ಸು ಹಗುರವಾಯಿತು.

ಕಲ್ಚರ್ ತೋರಿಸಿದ ಔಷಧಿಯನ್ನು ಆರು ವಾರ ಕೊಟ್ಟೆವು. ಸದ್ದು ನಿಂತಿತು ಅಂತ ನಡುವೆ ಬಿಡಲಿಲ್ಲ. ಜೊತೆಗೆ ನೆಬ್ಯುಲೈಸರ್. ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬದಲ್ಲಿ ಗಾಳಿ ಆಡುವ ತೂತು ಮಾಡಿ, ಬೆಲ್ಲಳನ್ನು ಒಳಗೆ ಬಿಟ್ಟು, ವೈದ್ಯರು ಹೇಳಿದ ಸಲೈನನ್ನು ಮಂಜಿನ ಹಾಗೆ ಒಳಗೆ ಬಿಡುವುದು. ದಿನಕ್ಕೆ ಇಪ್ಪತ್ತು ನಿಮಿಷ. ಗಟ್ಟಿ ಲೋಳೆ ಸಡಿಲವಾಗುತ್ತದೆ. ಮೊದಲ ದಿನ ಅವಳು ಡಬ್ಬದಲ್ಲಿ ಗಿರಿಗಿರಿ ಸುತ್ತಿದಳು. ಒಂದು ವಾರಕ್ಕೆ ಮಂಜು ಬರುವ ಮೂಲೆಯಲ್ಲೇ ತಲೆಯಿಟ್ಟು ಮಲಗತೊಡಗಿದಳು.

ಊಟದ ವಿಷಯದಲ್ಲಿ ಅವಸರ ಮಾಡಬಾರದು. ಉಸಿರಿಗೇ ಒದ್ದಾಡುವ ಹಾವು ಇಲಿಯನ್ನು ನುಂಗಲು ಹೋದರೆ ಕಷ್ಟ. ಸಾಮಾನ್ಯವಾಗಿ ಚೆನ್ನಾಗಿದ್ದ ದೊಡ್ಡ ಬಾಲ್ ಪೈಥಾನ್ ಕೆಲವು ವಾರ ಊಟ ಬಿಟ್ಟರೂ ತಡೆದುಕೊಳ್ಳುತ್ತದೆ. ನೀರು ಮಾತ್ರ ಕಡಿಮೆಯಾಗಬಾರದು. ಕೆಲವು ಆಂಟಿಬಯಾಟಿಕ್‌ಗಳು ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ, ಮೈಯಲ್ಲಿ ನೀರಿಲ್ಲದಿದ್ದರೆ ಇನ್ನೂ ಜಾಸ್ತಿ. ಬಾಯಿಗೆ ಬಲವಂತವಾಗಿ ನೀರು ಹಾಕಲು ಹೋಗಬೇಡಿ. ಆ ಸೀಳು ಬಾಯಿಯ ತಳದಲ್ಲೇ ಇದೆ, ನೆನಪಿದೆ ಅಲ್ವಾ? ನೀರು ನೇರ ಶ್ವಾಸಕೋಶಕ್ಕೆ ಹೋಗುತ್ತದೆ.

ಸುಮ್ನೆ ಕೈಯಲ್ಲಿ ಎತ್ತಿಕೊಳ್ಳುವುದನ್ನು ನಿಲ್ಲಿಸಿದೆವು. ಮಗಳಿಗೆ ಅದೇ ಎಲ್ಲಕ್ಕಿಂತ ಕಷ್ಟವಾಯಿತು. ತಳಕ್ಕೆ ಹೊಟ್ಟು ತೆಗೆದು ಪೇಪರ್ ಹಾಸಿದೆವು. ಲೋಳೆಯ ಕಲೆ ಬಿದ್ದರೆ ಬಿಳಿ ಪೇಪರಿನ ಮೇಲೆ ಕೂಡಲೇ ಕಾಣುತ್ತದೆ. ಅವಳ ಬಟ್ಟಲು, ಕೊಕ್ಕೆ ಎಲ್ಲ ಬೇರೆ. ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆಯುವುದು ನಮಗೋಸ್ಕರವೂ ಹೌದು. ಹಾವಿನ ಮೈಯಲ್ಲಿ ಸಾಲ್ಮೊನೆಲ್ಲಾ ಇರಬಹುದು, ಐದು ವರ್ಷದೊಳಗಿನ ಮಕ್ಕಳಿಗೆ ಅದು ಅಪಾಯ.

ತೀರ್ಥಹಳ್ಳಿಯಿಂದ ಫೋನು ಮಾಡಿದ್ದ ಅಮ್ಮ "ಸಾಂಬ್ರಾಣಿ ಹೊಗೆ ಹಾಕೇ, ಕಟ್ಟಿದ್ದೆಲ್ಲ ಬಿಡತ್ತೆ" ಅಂದರು. ಮೊಮ್ಮಗಳಿಗೆ ನೆಗಡಿಯಾದರೆ ಹೇಳುವ ಮಾತನ್ನೇ ಹಾವಿಗೂ ಹೇಳಿದರಲ್ಲ ಅಂತ ಕಣ್ಣು ತುಂಬಿ ಬಂತು. ಆದರೆ ಹೊಗೆ ಬೇಡ. ಸಾಂಬ್ರಾಣಿ, ಊದುಬತ್ತಿ, ಅಮೃತಾಂಜನ, ನೀಲಗಿರಿ ಎಣ್ಣೆ, ಕರ್ಪೂರ, ರೂಮ್ ಸ್ಪ್ರೇ ಯಾವುದೂ ಹಾವಿರುವ ಕೋಣೆಗೆ ಬೇಡ. ನಮಗೆ ಮೂಗು ಬಿಟ್ಟ ಹಾಗೆ ಅನ್ನಿಸುವ ಘಾಟು ಅವಕ್ಕೆ ಉರಿ. ಕೆಮ್ಮಿ ಹೊರಗೆ ಹಾಕಲೂ ಆಗುವುದಿಲ್ಲ.

ಅಮ್ಮನ ಮಾತಿನಿಂದ ಊರಿನ ಇನ್ನೊಂದು ವಿಷಯ ನೆನಪಾಯಿತು. ನಾಗರಪಂಚಮಿಗೆ ಹಾವಾಡಿಗರು ತರುವ ಜೀವಂತ ಹಾವಿಗೆ ಹಾಲೆರೆಯುತ್ತಾರಲ್ಲ, ಆ ಹಾವು ಹಾಲು ಕುಡಿಯುವುದು ಇಷ್ಟಕ್ಕಲ್ಲ, ಬಾಯಾರಿಕೆಗೆ. ದಿನಗಟ್ಟಲೆ ನೀರಿಲ್ಲದೆ ಇಟ್ಟಿರುತ್ತಾರೆ. ಹಾಲು ಹಾವಿನ ಆಹಾರವಲ್ಲ. ಬಾಯಿಗೆ ಹಿಡಿದು ಕುಡಿಸಿದಾಗ ಅದು ಶ್ವಾಸನಾಳಕ್ಕೆ ಇಳಿದು, ಅಲ್ಲೇ ಕೊಳೆತು, ನ್ಯುಮೋನಿಯಾ ಆಗಿ ಹಾವುಗಳು ಸಾಯುತ್ತವೆ. ಕಲ್ಲಿನ ನಾಗನಿಗೆ ಎರೆಯಿರಿ, ಜೀವಂತ ಹಾವಿಗೆ ಬೇಡ.

ಕರ್ನಾಟಕದಲ್ಲಿ ಇದನ್ನು ಓದುತ್ತಿರುವವರಿಗೆ ಕಾನೂನಿನ ಮಾತೂ ಹೇಳಬೇಕು. ನಾಗರಹಾವು, ಕೇರೆ, ನಮ್ಮ ಹೆಬ್ಬಾವು, ಇವನ್ನೆಲ್ಲ ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಹುಷಾರಿಲ್ಲದ ಹಾವು ತೋಟದಲ್ಲಿ ಕಂಡರೆ ಅರಣ್ಯ ಇಲಾಖೆಗೆ ತಿಳಿಸಬೇಕು. ಬಾಲ್ ಪೈಥಾನ್ ಹೊರದೇಶದ್ದು. 2024ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮದ ಪ್ರಕಾರ ಇಂಥ ಪ್ರಾಣಿ ಇರುವವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು. ಕದ್ದು ತಂದ ಹಾವನ್ನಂತೂ ಕೊಳ್ಳಲೇಬೇಡಿ. 2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ಲಗೇಜಿನಲ್ಲಿ 55 ಬಾಲ್ ಪೈಥಾನ್, 17 ಕಾಳಿಂಗ ಸರ್ಪ ಸಿಕ್ಕಿದ್ದವು. ಅದರ ಜೊತೆಗಿದ್ದ ಆರು ಮಂಗಗಳು ಸತ್ತಿದ್ದವು. ಗಾಳಿ ಆಡದ ಡಬ್ಬದಲ್ಲಿ, ಒಂದರ ಮೇಲೊಂದು, ಬಿಸಿಯೂ ನೀರೂ ಇಲ್ಲದೆ ಬರುವ ಹಾವುಗಳಿಗೆ ಶ್ವಾಸಕೋಶದ ಕಾಯಿಲೆ ಹಿಡಿಯಲು ಇನ್ನೇನು ಬೇಕು?

ಕೊನೆಯ ಪ್ರಶ್ನೆಯನ್ನು ಕೇಳಲು ಯಾರಿಗೂ ಇಷ್ಟವಿಲ್ಲ. ಯಾವಾಗ ಸಾಕು? ನಮ್ಮ ವೈದ್ಯರು ಮೂರು ವಿಷಯ ಬರೆದುಕೊಳ್ಳಲು ಹೇಳಿದರು. ತೂಕ ನಿಲ್ಲದೆ ಇಳಿಯುತ್ತಿದೆಯೇ, ಬಾಯಿ ಮುಚ್ಚಿ ಮಲಗಲು ಆಗುತ್ತಿದೆಯೇ, ರಾತ್ರಿ ಎದ್ದು ಓಡಾಡುತ್ತಾಳೆಯೇ. ಬಾಯಿ ತೆರೆದೇ ಇರುವ ದಿನಗಳು ಮುಚ್ಚಿರುವ ದಿನಗಳಿಗಿಂತ ಜಾಸ್ತಿಯಾದರೆ ತನಗೆ ಫೋನು ಮಾಡಿ ಅಂದಿದ್ದಾರೆ. ದಯಾಮರಣಕ್ಕೆ ಇಂಜೆಕ್ಷನ್ ಕೊಟ್ಟು ಮೊದಲು ಪ್ರಜ್ಞೆ ತಪ್ಪಿಸಿ, ಆಮೇಲೆ ಎರಡನೆಯದು ಕೊಡುತ್ತಾರೆ. ಇದನ್ನು ವೈದ್ಯರೇ ಮಾಡಬೇಕು. ಹಾವನ್ನು ಫ್ರೀಜರಿನಲ್ಲಿಟ್ಟರೆ ನೋವಿಲ್ಲದೆ ಹೋಗುತ್ತದೆ ಅನ್ನುವ ಮಾತು ಹಲವು ಕಡೆ ಓಡಾಡುತ್ತದೆ. ಅದು ಸುಳ್ಳು, ಕ್ರೂರ ಕೂಡ. ಆಮ್ಲಜನಕ ಕಡಿಮೆಯಿದ್ದರೂ ಸರೀಸೃಪಗಳ ಮಿದುಳು ಬಹಳ ಹೊತ್ತು ಬದುಕಿರುತ್ತದೆ.

ಬೆಲ್ಲಳ ಟ್ಯಾಂಕಿನ ಪಕ್ಕ ಒಂದು ಇನ್ನೂರು ಪುಟದ ನೋಟ್‌ಬುಕ್ ಇದೆ. ಭಾನುವಾರ ಬೆಳಿಗ್ಗೆ ಅಡುಗೆಮನೆಯ ತಕ್ಕಡಿಯನ್ನು ಹೋಲುವ, ಅವಳಿಗೆಂದೇ ತಂದ ಇನ್ನೊಂದು ತಕ್ಕಡಿಯ ಮೇಲೆ ಅವಳನ್ನು ಕೂರಿಸುತ್ತೇವೆ. ಈ ವಾರ 1,340 ಗ್ರಾಂ, ಹೋದ ವಾರಕ್ಕಿಂತ 12 ಜಾಸ್ತಿ. ಅದರ ಕೆಳಗೆ ಮಗಳು ಹಸಿರು ಪೆನ್ನಿನಲ್ಲಿ ಬರೆದಿದ್ದಾಳೆ: ಬಾಯಿ ಮುಚ್ಚಿತ್ತು, ರಾತ್ರಿ ಸದ್ದಿಲ್ಲ.